ನಿಲ್ಲುವ ಬಣ್ಣ, ನಿಲ್ಲದ ಬಣ್ಣ

ಅರಿಶಿನದಷ್ಟು ಸಲೀಸಾಗಿ ಬಣ್ಣ ಬಿಡುವ ವಸ್ತು ಇನ್ನೊಂದಿಲ್ಲ. ಅದರಷ್ಟು ಬೇಗ ಬಿಳಿಚಿಕೊಳ್ಳುವ ವಸ್ತುವೂ ಅಪರೂಪ. ಗಿಡ, ಬೇರು, ಹೂವು, ಮಸಾಲೆ ಪದಾರ್ಥಗಳಿಂದ ಬಣ್ಣ ತೆಗೆದು ಚಿತ್ರ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಅರಿಶಿನಕ್ಕೆ, ದಾಸವಾಳಕ್ಕೆ, ಬೀಟ್‌ರೂಟಿಗೆ. ಮುಟ್ಟಿದರೆ ಬೆರಳಿಗೇ ಅಂಟಿಕೊಳ್ಳುವಷ್ಟು ಬಣ್ಣ ತುಂಬಿಕೊಂಡಿರುವ ಈ ಮೂರೂ ಬೆಳಕಿನ ಮುಂದೆ ನಿಲ್ಲುವುದಿಲ್ಲ. ನೋಡಲು ಯಾವ ಆಕರ್ಷಣೆಯೂ ಇಲ್ಲದ ಮಂಜಿಷ್ಠದ ಒಣಬೇರು, ಮುರುಟಿದ ಅಳಲೆಕಾಯಿ, ಹಸಿರೆಲೆಯೊಳಗೆ ಗುರುತೇ ಸಿಗದಂತೆ ಅಡಗಿರುವ ನೀಲಿ, ಇವು ಬಹುಕಾಲ ಉಳಿಯುತ್ತವೆ. ಸಸ್ಯಮೂಲದ ಬಣ್ಣಗಳೊಂದಿಗೆ ಕೆಲಸ ಮಾಡುತ್ತ ಬಂದ ನನಗೆ ಈ ತಲೆಕೆಳಗಾದ ಲೆಕ್ಕವೇ ಈ ಕಲೆಯ ಅತ್ಯಂತ ಕುತೂಹಲದ ಭಾಗವಾಗಿ ಕಾಣುತ್ತದೆ. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ, ಏಕೆ ಹೋಗುತ್ತದೆ ಎಂಬುದನ್ನು ತಿಳಿದ ಮೇಲೆ ಚಿತ್ರ ಬರೆಯುವ ರೀತಿಯೂ ಬದಲಾಗುತ್ತದೆ, ಬರೆದ ಚಿತ್ರವನ್ನು ಎಲ್ಲಿಡಬೇಕು ಎಂಬುದೂ ಬದಲಾಗುತ್ತದೆ.

ಮೊದಲ ತೊಡಕು ಇರುವುದು ಕರಗುವಿಕೆಯಲ್ಲಿ. ಚಿತ್ರಕಾರರು ಬಳಸುವ ಮಣ್ಣಿನ ಬಣ್ಣಗಳು ನೀರಿನಲ್ಲಾಗಲಿ ಎಣ್ಣೆಯಲ್ಲಾಗಲಿ ಕರಗದ ನುಣ್ಣನೆಯ ಪುಡಿಗಳು. ಅವನ್ನು ಅಂಟಿನೊಂದಿಗೆ ಅರೆದು ಹಚ್ಚಿದರೆ ಪ್ರತಿಯೊಂದು ಕಣವೂ ಹಾಳೆಯ ಮೇಲೆ ತನ್ನ ಜಾಗದಲ್ಲಿ ಕೂರುತ್ತದೆ. ಗಿಡಗಳಲ್ಲಿರುವ ಬಣ್ಣ ಬಹುಮಟ್ಟಿಗೆ ಹಾಗಲ್ಲ. ಅದು ಜೀವಕೋಶದ ರಸದಲ್ಲೋ ಕೊಬ್ಬಿನಲ್ಲೋ ಕರಗಿಕೊಂಡಿರುತ್ತದೆ, ಹಾಳೆಗೆ ಹಚ್ಚಿದರೆ ನಾರಿನೊಳಗೆ ಇಳಿದುಹೋಗುತ್ತದೆ, ಮೇಲೆ ಇನ್ನೊಂದು ಒದ್ದೆ ಲೇಪ ಬಿದ್ದರೆ ಮತ್ತೆ ಕರಗಿ ಹರಡುತ್ತದೆ. ಬಟ್ಟೆಗೆ ಬಣ್ಣ ಹಾಕುವವರಿಗೆ ಈ ಗುಣವೇ ವರ. ಚಿತ್ರ ಬರೆಯುವವರಿಗೆ ಅದು ತಲೆನೋವು.

ಮಸಾಲೆ ಪದಾರ್ಥಗಳನ್ನು ಒಂದೊಂದಾಗಿ ಬಿಳಿ ತಟ್ಟೆಯಲ್ಲಿ ನೀರಿಗೆ ಹಾಕಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅರಿಶಿನದ ಪುಡಿ ನೀರಿಗೆ ಬಿದ್ದೊಡನೆ ಎಲ್ಲವನ್ನೂ ಹಳದಿ ಮಾಡಿದಂತೆ ತೋರುತ್ತದೆ, ಆದರೆ ಸ್ವಲ್ಪ ಹೊತ್ತು ಅಲುಗಾಡಿಸದೆ ಬಿಟ್ಟರೆ ಹಳದಿಯೆಲ್ಲ ತಳಕ್ಕಿಳಿದು ಮೇಲೆ ತೆಳುವಾದ ನೀರು ಉಳಿಯುತ್ತದೆ. ಅದರ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಕುಂಚಕ್ಕೆ ಹತ್ತುವುದು ಪಿಷ್ಟ ಮತ್ತು ನಾರು ಸೇರಿದ ತರಿ. ಅದೇ ಪುಡಿಯನ್ನು ಆಲ್ಕೋಹಾಲಿನಲ್ಲಿ ನೆನೆಸಿ ಸೋಸಿದರೆ ಒಂದು ಕಣವೂ ಇಲ್ಲದ ಗಾಢವಾದ ಕಿತ್ತಳೆಛಾಯೆಯ ಹಳದಿ ದ್ರವ ಸಿಗುತ್ತದೆ, ಹಾಳೆಯ ಮೇಲೆ ಅದು ಪಾರದರ್ಶಕವಾಗಿ ಹರಡುತ್ತದೆ. ಕೆಂಪು ಮೆಣಸಿನಕಾಯಿಯ ಬಣ್ಣ ನೀರಿನಲ್ಲಿ ಬಿಡುವುದೇ ಇಲ್ಲ ಎನ್ನಬೇಕು. ಪುಡಿ ಮೇಲೆ ತೇಲುತ್ತದೆ, ಅಂಚಿನಲ್ಲಿ ಎಣ್ಣೆಯ ಕಿತ್ತಳೆ ಬಳೆಗಳು ಕಾಣಿಸುತ್ತವೆ. ಅದರ ಬಣ್ಣವಾದ ಕ್ಯಾಪ್ಸಾಂಥಿನ್ ಕ್ಯಾರೊಟಿನಾಯ್ಡ್ ಗುಂಪಿಗೆ ಸೇರಿದ್ದು, ಆ ಗುಂಪಿನ ಬಹುಪಾಲು ಬಣ್ಣಗಳು ಎಣ್ಣೆಗೆ ಒಲಿಯುತ್ತವೆಯೇ ಹೊರತು ನೀರಿಗಲ್ಲ. ಕೇಸರಿ ಮಾತ್ರ ಈ ಗುಂಪಿನ ಅಪವಾದ. ಅದರ ಕ್ರೋಸಿನ್ ಅಣುವಿಗೆ ಸಕ್ಕರೆಯ ತುಂಡುಗಳು ಅಂಟಿಕೊಂಡಿರುವುದರಿಂದ ಅದು ನೀರಿನಲ್ಲಿ ನಿರಾಯಾಸವಾಗಿ ಕರಗುತ್ತದೆ. ಕೆಲವು ಎಸಳುಗಳನ್ನು ಒಂದು ಚಮಚ ಬೆಚ್ಚಗಿನ ನೀರಿಗೆ ಹಾಕಿದರೆ ಪ್ರತಿ ಎಸಳಿನ ತುದಿಯಿಂದಲೂ ಹಳದಿ ದಾರ ಇಳಿಯುವುದು ಕಾಣುತ್ತದೆ, ಎಸಳು ಮಾತ್ರ ಕೆಂಪಾಗಿಯೇ ಇರುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಹಸ್ತಪ್ರತಿಗಳನ್ನು ಅಲಂಕರಿಸುತ್ತಿದ್ದವರು ಈ ರಸವನ್ನು ಮೊಟ್ಟೆಯ ಬಿಳಿಯೊಂದಿಗೆ ಬೆರೆಸಿ ಚಿನ್ನದ ಹೊಳಪನ್ನು ಅನುಕರಿಸಲು ಬಳಸುತ್ತಿದ್ದರು.

ಲವಂಗ, ಚಕ್ಕೆ, ಕಾಳುಮೆಣಸು, ಕಾಫಿ, ಚಹಾ ಇವೆಲ್ಲ ಕೊಡುವುದು ಕಂದು ಬಣ್ಣದ ಹಲವು ಛಾಯೆಗಳನ್ನು. ಪರಿಮಳ ಬೇರೆಬೇರೆ ಎನ್ನುವುದನ್ನು ಬಿಟ್ಟರೆ ಹಾಳೆಯ ಮೇಲೆ ಇವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಂಡಿಲ್ಲ.

ಹೂವುಗಳ ಕಥೆ ಇನ್ನೂ ಚಂಚಲವಾದದ್ದು. ದಾಸವಾಳ, ಶಂಖಪುಷ್ಪ, ಕೆಂಪು ಎಲೆಕೋಸು ಇವುಗಳಲ್ಲಿರುವ ಆಂಥೊಸಯನಿನ್ ಬಣ್ಣಗಳು ಆಮ್ಲದಲ್ಲಿ ಕೆಂಪಾಗುತ್ತವೆ, ಕ್ಷಾರದತ್ತ ಸರಿದಂತೆ ನೇರಳೆ, ನೀಲಿ, ಕೊನೆಗೆ ಹಸಿರುಮಿಶ್ರಿತವಾಗುತ್ತವೆ. ಶಾಲೆಯ ಪ್ರಯೋಗಗಳಲ್ಲಿ ಇದನ್ನು ಎಲ್ಲರೂ ನೋಡಿರುತ್ತಾರೆ. ಹಾಳೆಯೂ ಈ ಪ್ರಯೋಗದಲ್ಲಿ ಪಾಲುದಾರ ಎಂಬುದನ್ನು ಮಾತ್ರ ಹೆಚ್ಚಿನವರು ಗಮನಿಸಿರುವುದಿಲ್ಲ. ಹಳದಿಗಟ್ಟದೆ ಬಹುಕಾಲ ಬಾಳಲಿ ಎಂದು ಇಂದಿನ ಒಳ್ಳೆಯ ಚಿತ್ರಹಾಳೆಗಳಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿರುತ್ತಾರೆ. ಅದು ಸೌಮ್ಯವಾದ ಕ್ಷಾರ. ಹೀಗಾಗಿ ಬಟ್ಟಲಿನಲ್ಲಿ ಕಡುಗೆಂಪಾಗಿದ್ದ ದಾಸವಾಳದ ರಸ ದುಬಾರಿ ಹಾಳೆಯ ಮೇಲೆ ಒಣಗುವಷ್ಟರಲ್ಲಿ ಬೂದುನೀಲಿಯಾಗಿ, ಸಾಧಾರಣ ಆಮ್ಲೀಯ ಕಾಗದದ ಮೇಲೆ ಕೆಂಪುನೇರಳೆಯಾಗಿ ನಿಲ್ಲುತ್ತದೆ. ನಿಂಬೆರಸದ ಒಂದು ಹನಿ ಬಿದ್ದಲ್ಲಿ ಗುಲಾಬಿ, ವಾಷಿಂಗ್ ಸೋಡಾ ಕರಗಿಸಿದ ನೀರು ತಗುಲಿದಲ್ಲಿ ಹಸಿರು. ಹೀಗೆ ಒಂದೇ ಹೂವಿನಿಂದ ಹಲವು ಬಣ್ಣ ಹೊರಡಿಸಬಹುದು. ಅರಿಶಿನವೂ ಇದೇ ಆಟ ಆಡುತ್ತದೆ: ಒಣಗಿದ ಹಳದಿಯ ಮೇಲೆ ಸುಣ್ಣದ ತಿಳಿಯಲ್ಲಿ ಅದ್ದಿದ ಕುಂಚದಿಂದ ಗೆರೆ ಎಳೆದರೆ ಗೆರೆ ಎಳೆದಲ್ಲೆಲ್ಲ ಕೆಂಪುಕಂದು ಎದ್ದುಬರುತ್ತದೆ. ಕುಂಚದಲ್ಲಿರುವುದು ಬಣ್ಣವಿಲ್ಲದ ನೀರು, ಬಣ್ಣ ಹುಟ್ಟುವುದು ಹಾಳೆಯ ಮೇಲೆ. ಚಿತ್ರ ಬರೆಯುವ ಯಾವ ಕ್ರಮದಲ್ಲೂ ಇಷ್ಟು ಖುಷಿ ಕೊಡುವ ಕ್ಷಣ ಮತ್ತೊಂದಿಲ್ಲ ಎಂದು ನಾನು ಹೇಳಬಲ್ಲೆ, ಆ ಖುಷಿ ಅಲ್ಪಾಯುಷಿ ಎಂದು ಗೊತ್ತಿದ್ದೂ.

ಕರಗುವ ಬಣ್ಣವನ್ನು ಕರಗದ ಪುಡಿಯನ್ನಾಗಿ ಮಾಡುವ ಉಪಾಯವೊಂದಿದೆ, ಅದನ್ನು ಲೇಕ್ ತಯಾರಿಕೆ ಎನ್ನುತ್ತಾರೆ. ಮಂಜಿಷ್ಠದ ಬೇರನ್ನೇ ತೆಗೆದುಕೊಳ್ಳೋಣ. ಬೇರನ್ನು ತರಿತರಿಯಾಗಿ ಕುಟ್ಟಿ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಮರುದಿನ ಸಣ್ಣ ಉರಿಯಲ್ಲಿ ಬಿಸಿಮಾಡಬೇಕು. ಕುದಿಸಬಾರದು, ಶಾಖ 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇರಿನೊಳಗಿನ ಕಂದು ಬಣ್ಣಗಳೂ ಹೊರಬಂದು ಕೆಂಪನ್ನು ಮಂಕಾಗಿಸುತ್ತವೆ. ಕಷಾಯವನ್ನು ಬಟ್ಟೆಯಲ್ಲಿ ಸೋಸಿ, ಬೆಚ್ಚಗಿರುವಾಗಲೇ ಅದಕ್ಕೆ ಬಿಸಿನೀರಿನಲ್ಲಿ ಕರಗಿಸಿದ ಪಟಿಕವನ್ನು ಸೇರಿಸಿದರೆ ಕೆಂಪು ಕೊಂಚ ಕಿತ್ತಳೆಯತ್ತ ತಿರುಗುತ್ತದೆ. ಇನ್ನೊಂದು ಪಾತ್ರೆಯಲ್ಲಿ ವಾಷಿಂಗ್ ಸೋಡಾವನ್ನು, ಪಟಿಕದ ತೂಕದ ಮೂರನೇ ಒಂದರಿಂದ ಅರ್ಧದಷ್ಟು ಪ್ರಮಾಣದಲ್ಲಿ, ಕರಗಿಸಿಟ್ಟುಕೊಂಡಿರಬೇಕು.

ಮುಂದಿನ ಹಂತಕ್ಕೆ ಅವಸರ ಮಾಡಬಾರದು, ಎತ್ತರವಾದ ಪಾತ್ರೆಯೂ ಬೇಕು. ಸೋಡಾ ನೀರನ್ನು ಚಮಚ ಚಮಚವಾಗಿ ಸುರಿಯುತ್ತ ಹೋದಂತೆ ಕಷಾಯ ಉಕ್ಕುತ್ತದೆ. ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಗುಲಾಬಿ ನೊರೆಯನ್ನು ಅಂಚಿನವರೆಗೂ ಎತ್ತಿ ತರುತ್ತವೆ. ಕಲಕುತ್ತ ಕಾಯಬೇಕು, ನೊರೆ ಇಳಿದ ಮೇಲೆ ಮತ್ತೆ ಸುರಿಯಬೇಕು. ಇಷ್ಟು ಹೊತ್ತು ಗಾಜಿನ ಹಾಗೆ ತಿಳಿಯಾಗಿದ್ದ ದ್ರವ ಒಂದು ಹಂತದಲ್ಲಿ ಮಬ್ಬಾಗುತ್ತದೆ. ಪಟಿಕದ ಅಲ್ಯೂಮಿನಿಯಂ ಈಗ ಹೈಡ್ರಾಕ್ಸೈಡ್ ಆಗಿ ಬೇರ್ಪಡುತ್ತಿದೆ, ಬೇರ್ಪಡುವಾಗ ಬಣ್ಣದ ಅಣುಗಳನ್ನು ತನ್ನೊಂದಿಗೆ ಹಿಡಿದುಕೊಳ್ಳುತ್ತಿದೆ. ಗುಳ್ಳೆ ಪೂರ್ತಿ ನಿಂತ ಮೇಲೆ ಪಾತ್ರೆಯನ್ನು ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ತಳದಲ್ಲಿ ಕೆಂಪು ಗಸಿ, ಮೇಲೆ ಬಣ್ಣಗೆಟ್ಟ ನೀರು. ಮೇಲಿನ ನೀರನ್ನು ಬಸಿದು ಹೊಸ ನೀರು ತುಂಬುವುದು, ಮತ್ತೆ ಗಸಿ ಇಳಿಯಲು ಬಿಡುವುದು, ಮತ್ತೆ ಬಸಿಯುವುದು. ಒಳಗಿನ ಉಪ್ಪಿನಂಶವೆಲ್ಲ ತೊಳೆದುಹೋಗುವವರೆಗೂ ಇದನ್ನು ಮಾಡಬೇಕು. ಈ ತೊಳೆತವನ್ನು ಸೋಮಾರಿತನದಿಂದ ಅರ್ಧಕ್ಕೆ ಬಿಟ್ಟರೆ ಚಿತ್ರ ಒಣಗಿದ ಮೇಲೆ ಬಿಳಿ ಹರಳುಗಳು ಮೇಲೇಳುತ್ತವೆ. ಕೊನೆಗೆ ಸೋಸುಕಾಗದದ ಮೇಲೆ ಉಳಿಯುವ ಕೆಸರು ಒಣಗಿದಾಗ ಕುಗ್ಗಿ, ಬಿರಿದು, ಗಾತ್ರದಲ್ಲಿ ನಿರಾಶೆಯಾಗುವಷ್ಟು ಸಣ್ಣದಾಗುತ್ತದೆ. ಒಂದು ಪಾತ್ರೆ ಕಷಾಯಕ್ಕೆ ಒಂದು ಹಿಡಿಯೂ ಅಲ್ಲ, ಒಂದೆರಡು ಚಿಟಿಕೆಯಷ್ಟೇ ಗಟ್ಟಿ ಪುಡಿ. ಆದರೆ ಅದು ನಿಜವಾದ ವರ್ಣದ್ರವ್ಯ. ಅಂಟಿನೊಂದಿಗೆ ಅರೆಯಬಹುದು, ಒಂದರ ಮೇಲೊಂದು ಲೇಪ ಹಚ್ಚಬಹುದು, ಬೇಕಿದ್ದರೆ ಎಣ್ಣೆಯಲ್ಲೂ ಬಳಸಬಹುದು.

ಇದೇ ಕ್ರಮದಲ್ಲಿ ಚೆಂಡುಹೂವಿನಿಂದ, ಈರುಳ್ಳಿ ಸಿಪ್ಪೆಯಿಂದ, ದಾಳಿಂಬೆ ಸಿಪ್ಪೆಯಿಂದ ಹಳದಿಗಳನ್ನು ಪಡೆಯಬಹುದು. ಲೇಕ್ ಮಾಡಿದ ಮಾತ್ರಕ್ಕೆ ಬಣ್ಣ ಚಿರಾಯುವಾಗುವುದಿಲ್ಲ, ಅದರ ಆಯುಷ್ಯ ಸ್ವಲ್ಪ ಹೆಚ್ಚುತ್ತದೆ ಅಷ್ಟೆ. ಬೀಟ್‌ರೂಟಿನ ಮೇಲೆ ಇಷ್ಟೆಲ್ಲ ಶ್ರಮ ಹಾಕುವುದು ವ್ಯರ್ಥ ಎಂದು ನನ್ನ ಅಭಿಪ್ರಾಯ; ಅದರ ಬೆಟಾನಿನ್ ಶಾಖಕ್ಕೂ ಅಂಜುತ್ತದೆ, ಬೆಳಕಿಗೂ ಅಂಜುತ್ತದೆ.

ನೀಲಿಗೆ ಈ ಯಾವ ಉಪಚಾರವೂ ಬೇಡ. ನೀಲಿ ಗಿಡದ ಎಲೆಯಲ್ಲಿ ನೀಲಿ ಇರುವುದಿಲ್ಲ. ಇಂಡಿಕನ್ ಎಂಬ ಬಣ್ಣವಿಲ್ಲದ ಸಂಯುಕ್ತವಿರುತ್ತದೆ. ಎಲೆಗಳನ್ನು ನೀರಿನಲ್ಲಿ ಹುದುಗಲು ಬಿಟ್ಟಾಗ ಅದರ ಸಕ್ಕರೆಯ ಭಾಗ ಕಳಚಿಕೊಳ್ಳುತ್ತದೆ. ಆ ನೀರನ್ನು ಗಾಳಿ ಸೇರುವಂತೆ ಬಡಿದಾಗ ಉಳಿದ ಅಣುಗಳು ಆಮ್ಲಜನಕದ ನೆರವಿನಿಂದ ಎರಡೆರಡಾಗಿ ಕೂಡಿಕೊಂಡು ಇಂಡಿಗೊ ಆಗುತ್ತವೆ. ಇಂಡಿಗೊ ನೀರಿನಲ್ಲಿ ಕರಗದು, ತಾನಾಗಿ ತಳಕ್ಕಿಳಿಯುತ್ತದೆ. ಅಂದರೆ ಸಸ್ಯಲೋಕದಲ್ಲಿ ಇದೊಂದು ತಾನೇ ವರ್ಣದ್ರವ್ಯವಾಗಿ ಹುಟ್ಟಿಬರುತ್ತದೆ ಎನ್ನಬಹುದು. ಮಧ್ಯ ಅಮೆರಿಕದ ಮಾಯಾ ಜನರು ಇದನ್ನು ಪಾಲಿಗೋರ್‌ಸ್ಕೈಟ್ ಎಂಬ ಜೇಡಿಮಣ್ಣಿನೊಂದಿಗೆ ಕಾಯಿಸಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಆ ಮಣ್ಣಿನ ಸೂಕ್ಷ್ಮ ನಾಳಗಳಲ್ಲಿ ಇಂಡಿಗೊ ಅಣುಗಳು ಸಿಕ್ಕಿಕೊಂಡು ಉಂಟಾದ ನೀಲಿ ಆಮ್ಲಕ್ಕೂ ಜಗ್ಗುವುದಿಲ್ಲ. ಮೆಕ್ಸಿಕೊದ ಬೊನಾಂಪಾಕ್‌ನಲ್ಲಿ 8ನೇ ಶತಮಾನದ ಕೊನೆಯಲ್ಲಿ ಬರೆದ ಭಿತ್ತಿಚಿತ್ರಗಳಲ್ಲಿ, ಅಷ್ಟು ತೇವದ ಕಾಡಿನ ನಡುವೆಯೂ, ಆ ನೀಲಿ ಇಂದಿಗೂ ನೀಲಿಯಾಗಿಯೇ ಇದೆ.

ಹಸಿರು ಮಾತ್ರ ಕೈಗೆ ಸಿಗುವುದಿಲ್ಲ. ಸುತ್ತಲೂ ಕಾಣುವ ಗಿಡಮರಗಳೆಲ್ಲ ಹಸಿರಾಗಿದ್ದರೂ ಎಲೆಯಿಂದ ತೆಗೆದ ಹಸಿರು ಹಾಳೆಯ ಮೇಲೆ ಬಾಳದು. ಎಲೆಯನ್ನು ಜಜ್ಜಿದೊಡನೆ ಅದರ ಆಮ್ಲಗಳು ಪತ್ರಹರಿತ್ತಿನ ನಡುವಿನಲ್ಲಿರುವ ಮೆಗ್ನೀಸಿಯಂ ಪರಮಾಣುವನ್ನು ಹೊರಹಾಕತೊಡಗುತ್ತವೆ, ಹಸಿರು ಕಂದುಹಸಿರಾಗುತ್ತದೆ, ಉಳಿದದ್ದನ್ನು ಬೆಳಕು ತಿನ್ನುತ್ತದೆ. ಆದ್ದರಿಂದ ಚಿತ್ರಕಾರರು ಹಿಂದಿನಿಂದಲೂ ನೀಲಿಯ ಮೇಲೆ ಹಳದಿ ಲೇಪಿಸಿ ಹಸಿರು ಬರಿಸಿಕೊಂಡರು. ನೀಲಿ ಉಳಿಯಿತು, ಹಳದಿ ಹೋಯಿತು. 17ನೇ ಶತಮಾನದ ಡಚ್ ಚಿತ್ರಗಳಲ್ಲಿ ವಿಚಿತ್ರವಾದ ನೀಲಿ ಎಲೆಗಳು ಕಾಣಿಸುವುದು ಈ ಕಾರಣಕ್ಕೆ. ವರ್ಮೀರ್ ಬರೆದ ಬೀದಿಯ ಚಿತ್ರದಲ್ಲೂ ಮನೆಯ ಪಕ್ಕದ ಬಳ್ಳಿ ನೀಲಿಛಾಯೆಗೆ ತಿರುಗಿದೆ. 1665ರ ಸುಮಾರಿಗೆ ಆತ ಬರೆದ ಮುತ್ತಿನ ಓಲೆಯ ಹುಡುಗಿಯ ಹಿಂದೆ ಈಗ ಕಾಣುವುದು ಬರೀ ಕತ್ತಲು. ಹೇಗ್ ನಗರದ ಮೌರಿತ್ಸ್‌ಹೌಸ್ ಸಂಗ್ರಹಾಲಯದ ತಜ್ಞರು ಪರೀಕ್ಷಿಸಿದಾಗ ಅಲ್ಲಿ ಹಿಂದೆ ಹಸಿರು ಪರದೆಯಿತ್ತೆಂದು ತಿಳಿದುಬಂತು. ಅದನ್ನು ಬರೆದದ್ದು ಇಂಡಿಗೊ ಮತ್ತು ವೆಲ್ಡ್ ಗಿಡದ ಹಳದಿಯಿಂದ. ವೆಲ್ಡ್ ಎಂದರೆ ಸಸ್ಯಮೂಲದ ಹಳದಿಗಳಲ್ಲೇ ಹೆಚ್ಚು ಬಾಳಿಕೆಯದೆಂದು ಹೆಸರಾದದ್ದು. ಅದರ ಗತಿಯೇ ಹೀಗಾದರೆ ಅರಿಶಿನದ್ದನ್ನು ಕೇಳುವುದೇ ಬೇಡ.

ಕಪ್ಪಿನ ವಿಷಯದಲ್ಲಿ ಗಿಡಗಳು ಉದಾರಿಗಳು. ಮಾಚಿಕಾಯಿ ಅಥವಾ ಅಳಲೆಕಾಯಿಯ ಒಗರಿನ ಕಷಾಯಕ್ಕೆ ಅನ್ನಭೇದಿಯ, ಅಂದರೆ ಕಬ್ಬಿಣದ ಸಲ್ಫೇಟಿನ, ನೀರು ಬೆರೆಸಿದರೆ, ಹಚ್ಚುವಾಗ ತೆಳುವಾದ ಬೂದು ಬಣ್ಣ. ಗಾಳಿ ತಗುಲಿದಂತೆ ಅದೇ ಗಾಢವಾದ ಕಪ್ಪು. 4ನೇ ಶತಮಾನದ ಗ್ರೀಕ್ ಬೈಬಲ್ ಹಸ್ತಪ್ರತಿಯಾದ ಕೋಡೆಕ್ಸ್ ಸಿನೈಟಿಕಸ್‌ನ ಅಕ್ಷರಗಳು ಈ ಬಗೆಯ ಶಾಯಿಯವು. ಕಬ್ಬಿಣ ಹೆಚ್ಚಾದರೆ ಇದು ಕಾಗದವನ್ನೇ ಕೊರೆದುಹಾಕುತ್ತದೆ ಎಂಬುದನ್ನು ನೆನಪಿನಲ್ಲಿಟ್ಟು ಅನ್ನಭೇದಿಯನ್ನು ಹಿಡಿತದಲ್ಲಿ ಬಳಸಬೇಕು.

ಅಂಟಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅರೇಬಿಕ್ ಗೋಂದು ಒಂದು ಪಾಲು, ನೀರು ಎರಡು ಪಾಲು, ಬಿರಿಯದಂತೆ ಸ್ವಲ್ಪ ಜೇನುತುಪ್ಪ, ಬೂಸ್ಟು ಹಿಡಿಯದಂತೆ ಒಂದು ಹನಿ ಲವಂಗದ ಎಣ್ಣೆ. ಗಾಜಿನ ಹಲಗೆಯ ಮೇಲೆ ಪುಡಿಯನ್ನು ಇದರೊಂದಿಗೆ ಅರೆಯುತ್ತಿರುವಾಗ ಮೊದಮೊದಲು ಕೇಳುವ ಕರಕರ ಸದ್ದು ಅಡಗಿದರೆ ಬಣ್ಣ ಸಿದ್ಧವಾಯಿತೆಂದು ತಿಳಿಯಬಹುದು. ಒಣಪುಡಿ ಅರೆಯುವಾಗ ಮೂಗಿಗೆ ಮಾಸ್ಕ್ ಬೇಕು, ಪಾತ್ರೆಗಳು ಅಡುಗೆಯವಾಗಿರಬಾರದು. ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿ ಎಂಬ ನಂಬಿಕೆಗೆ ಆಧಾರವಿಲ್ಲ. ಗಾರ್ಸೀನಿಯಾ ಮರದ ಹಾಲಿನಿಂದ ಬರುವ ಗ್ಯಾಂಬೋಜ್ ಎಂಬ ಸೊಗಸಾದ ಹಳದಿ ಹೊಟ್ಟೆಗೆ ಹೋದರೆ ಉಗ್ರವಾದ ಭೇದಿಮದ್ದು.

ಬೆಳಕಿಗೆ ಬಣ್ಣ ಏಕೆ ಮಾಸುತ್ತದೆ ಎಂಬ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಕೈಗೆತ್ತಿಕೊಂಡವರು ಇಂಗ್ಲೆಂಡಿನ ರಸೆಲ್ ಮತ್ತು ಆಬ್ನಿ. 1888ರಲ್ಲಿ ಅವರು ಸಲ್ಲಿಸಿದ ಜಲವರ್ಣಗಳ ಕುರಿತಾದ ವರದಿಯಲ್ಲಿ ಬೆಳಕಿನ ಜೊತೆಗೆ ಗಾಳಿ ಮತ್ತು ತೇವದ ಪಾತ್ರವೂ ದೊಡ್ಡದೆಂದು ತೋರಿಸಿದರು. ಗಾಳಿಯನ್ನು ತೆಗೆದುಬಿಟ್ಟ ನಳಿಗೆಯೊಳಗೆ ಹಲವು ಬಣ್ಣಗಳು ಮಾಸದೆ ಉಳಿದಿದ್ದವು. ಈಗ ಬಾಳಿಕೆಯನ್ನು ಅಳೆಯಲು ನೀಲಿ ಉಣ್ಣೆಯ ಎಂಟು ಪಟ್ಟಿಗಳ ಮಾನದಂಡವಿದೆ. 1 ಎಂದರೆ ಬೇಗ ಮಾಸುವುದು, 8 ಎಂದರೆ ಗಟ್ಟಿ, ಒಂದೊಂದು ಮೆಟ್ಟಿಲೇರಿದಂತೆ ಬಾಳಿಕೆ ಸುಮಾರು ಎರಡುಪಟ್ಟಾಗುತ್ತದೆ. ಅರಿಶಿನದ ಜಾಗ ಕೆಳಗಿನ ಮೆಟ್ಟಿಲಿನಲ್ಲೇ. ಮನೆಯಲ್ಲಿ ಈ ಪಟ್ಟಿಗಳಿಲ್ಲದೆಯೂ ಪರೀಕ್ಷೆ ಸಾಧ್ಯ. ಪ್ರತಿಯೊಂದು ಬಣ್ಣವನ್ನೂ ಒಂದೊಂದು ಉದ್ದನೆಯ ಹಾಳೆಯ ತುಂಡಿಗೆ ಹಚ್ಚಿ, ಅರ್ಧವನ್ನು ಕಪ್ಪು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದರಾಯಿತು. ರಟ್ಟನ್ನು ಆಗಾಗ ಎತ್ತಿ ನೋಡಿದರೆ ಗೆರೆ ಎಳೆದಂತೆ ಎರಡು ಬಣ್ಣ. ಬಿಸಿಲು ಚುರುಕಾಗಿದ್ದರೆ ಅರಿಶಿನದ ಗೆರೆ ಅದೇ ದಿನ ಕಾಣಿಸಿಕೊಳ್ಳುತ್ತದೆ. ದಪ್ಪವಾಗಿ ಹಚ್ಚಿದ ಮಂಜಿಷ್ಠ ಮತ್ತು ಇಂಡಿಗೊ ಬಹಳ ತಡವಾಗಿ ಬಿಟ್ಟುಕೊಡುತ್ತವೆ. ತೆಳುವಾಗಿ ಹಚ್ಚಿದರೆ ಇವೂ ಬೇಗ ಸೋಲುತ್ತವೆ ಎಂಬುದನ್ನು ಮರೆಯಬಾರದು.

ಮಾಸುವ ಗುಣವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಖಗೋಳವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಹೂವಿನ ರಸ ಬಳಿದ ಕಾಗದದ ಮೇಲೆ ಬಿಸಿಲಿನಿಂದ ಚಿತ್ರ ಮೂಡಿಸುವ ಪ್ರಯೋಗಗಳನ್ನು ಪ್ರಕಟಿಸಿದ. ಆಂಥೊಟೈಪ್ ಎಂದು ಕರೆಯುವ ಈ ಕ್ರಮಕ್ಕೆ ಅರಿಶಿನದಷ್ಟು ಒಗ್ಗುವ ವಸ್ತು ಬೇರೊಂದಿಲ್ಲ. ಆಲ್ಕೋಹಾಲಿನಲ್ಲಿ ತೆಗೆದ ಅರಿಶಿನವನ್ನು ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಿ, ಮೇಲೆ ಒಂದು ಎಲೆಯನ್ನಿಟ್ಟು ಗಾಜು ಒತ್ತಿ ಬಿಸಿಲಿಗಿಡಬೇಕು. ಸುತ್ತಲಿನ ಹಳದಿ ಮಾಸಿದ ಮೇಲೆ ಎಲೆ ತೆಗೆದು ಬೊರಾಕ್ಸ್ ನೀರನ್ನು ಸವರಿದರೆ ಎಲೆಯ ನೆರಳಿನಲ್ಲಿ ಉಳಿದುಕೊಂಡ ಅರಿಶಿನವಷ್ಟೇ ಕೆಂಪುಕಂದಾಗಿ, ನರಗಳ ಸಮೇತ ಎಲೆಯ ಆಕಾರ ನಿಲ್ಲುತ್ತದೆ. ಇದನ್ನು ಸ್ಥಿರಗೊಳಿಸುವ ದಾರಿ ಹರ್ಷೆಲ್‌ಗೂ ಸಿಗಲಿಲ್ಲ. ಚಿತ್ರವನ್ನು ಮೂಡಿಸಿದ ಬಿಸಿಲೇ ಮುಂದೆ ಅದನ್ನು ಅಳಿಸುತ್ತದೆ.

ಇಷ್ಟಾದ ಮೇಲೆ, ನೈಸರ್ಗಿಕ ಎಂಬ ವಿಶೇಷಣವೊಂದರಿಂದಲೇ ಒಂದು ಚಿತ್ರ ಮೇಲಾಗುತ್ತದೆ ಎಂಬ ಮಾತು ನನಗೆ ರುಚಿಸುವುದಿಲ್ಲ. ಮಂಜಿಷ್ಠ ಕುಲದ ಮ್ಯಾಡರ್ ಬೇರಿನ ಅಲಿಜರಿನ್ ಎಂಬ ಕೆಂಪನ್ನು ಜರ್ಮನಿಯ ರಸಾಯನವಿಜ್ಞಾನಿಗಳಾದ ಗ್ರೇಬ್ ಮತ್ತು ಲೀಬರ್‌ಮನ್ 1868ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಕೃತಕ ಇಂಡಿಗೊ 1897ರಲ್ಲಿ ಮಾರುಕಟ್ಟೆಗೆ ಬಂತು. ಅಣುವಿನ ಮಟ್ಟದಲ್ಲಿ ಬೇರಿನದಕ್ಕೂ ಕಾರ್ಖಾನೆಯದಕ್ಕೂ ಭೇದವಿಲ್ಲ. ಗಿಡದ ಬಣ್ಣದಲ್ಲಿ ಇರುವ ವಿಶೇಷ ಅದರ ಕಲಬೆರಕೆಯಲ್ಲಿದೆ: ಬೇರಿನಿಂದ ಇಳಿಯುವುದು ಒಂದೇ ಕೆಂಪಲ್ಲ, ಹಲವು ಕೆಂಪು, ಕಿತ್ತಳೆ, ಕಂದುಗಳ ಕೂಟ. ಒಂದು ಕೊಳಗದ ಬಣ್ಣ ಇನ್ನೊಂದು ಕೊಳಗದಲ್ಲಿ ಹಾಗೆಯೇ ಬರುವುದಿಲ್ಲ. ಆ ಅನಿಶ್ಚಿತತೆ ಬೇಡ ಎನ್ನುವವರು ಅಂಗಡಿಯ ಟ್ಯೂಬ್ ಕೊಳ್ಳುವುದೇ ಸರಿ, ಅದರಲ್ಲಿ ಕೀಳೇನೂ ಇಲ್ಲ.

ನಾನು ಈ ಚಿತ್ರಗಳನ್ನು ಗೋಡೆಗೆ ಹಾಕುವುದನ್ನು ಬಿಟ್ಟಿದ್ದೇನೆ. ಸಂಗ್ರಹಾಲಯಗಳು ಕಾಗದದ ಮೇಲಿನ ಸೂಕ್ಷ್ಮ ಕೃತಿಗಳನ್ನು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ, ಅದೂ ಸರದಿಯ ಮೇಲೆ, ಪ್ರದರ್ಶಿಸುತ್ತವೆ. ಮನೆಯ ಹಗಲು ಬೆಳಕು ಅದರ ಹಲವು ಪಟ್ಟು. ಮಧ್ಯಯುಗದ ಹಸ್ತಪ್ರತಿಗಳ ಸಸ್ಯವರ್ಣಗಳು ಇಷ್ಟು ಶತಮಾನ ಬಾಳಿದ್ದು ಪುಸ್ತಕಗಳು ಮುಚ್ಚಿಕೊಂಡಿದ್ದರಿಂದ. ಹೀಗಾಗಿ ಈಗ ಚಿಕ್ಕ ಅಳತೆಯಲ್ಲಿ, ಹೊಲಿದ ಪುಸ್ತಕದ ಪುಟಗಳಿಗೆಂದೇ ಬರೆಯುತ್ತೇನೆ. ಅರಿಶಿನ, ದಾಸವಾಳಗಳನ್ನೂ ಧೈರ್ಯವಾಗಿ ಬಳಸುತ್ತೇನೆ, ಎರಡು ಪುಟಗಳ ನಡುವೆ ತೆಳುವಾದ ಆಮ್ಲರಹಿತ ಕಾಗದ ಇಡುತ್ತೇನೆ. ಪ್ರತಿ ಚಿತ್ರದ ಹಿಂಬದಿಯಲ್ಲಿ ದಿನಾಂಕ, ಬಳಸಿದ ಗಿಡದ ಭಾಗ, ಪಟಿಕವೋ ಕಬ್ಬಿಣವೋ, ಯಾವ ಅಂಟು ಎಂಬುದನ್ನು ಪೆನ್ಸಿಲಿನಲ್ಲಿ ಬರೆದು, ಅದೇ ಬಣ್ಣಗಳ ಸಣ್ಣ ಚೌಕಗಳನ್ನು ಅಂಚಿನಲ್ಲಿ ಹಚ್ಚಿಡುತ್ತೇನೆ. ಯಾರಿಗಾದರೂ ಚಿತ್ರ ಕೊಡುವುದಾದರೆ ಆ ಟಿಪ್ಪಣಿಯನ್ನು ಓದಿ ಹೇಳಿ, ಚೌಕಟ್ಟು ಹಾಕಿಸಿ ಕಿಟಕಿಯ ಎದುರು ತೂಗುಹಾಕಿದರೆ ಯಾವ ಬಣ್ಣ ಮೊದಲು ಹೋಗುತ್ತದೆ ಎಂಬುದನ್ನೂ ತಿಳಿಸಿಯೇ ಕೊಡುತ್ತೇನೆ. ಕೇಳಿಸಿಕೊಂಡ ಮೇಲೂ ಕೆಲವರು ಗೋಡೆಗೇ ಹಾಕುತ್ತಾರೆ, ಅದು ಅವರ ಇಷ್ಟ.